ಹೆಗಲ ಮೇಲಿನ ಕೈ

“ಆ ಕೈ ಯಾರದು?”

ಕೇಳಿದವರು ಇಲಾಖೆಯ ನಿರ್ದೇಶಕಿ. ಗೋಡೆಯ ಮೇಲೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಹೆಂಗಸೊಬ್ಬಳು ಬಾಯಿತುಂಬ ನಗುತ್ತಿದ್ದಳು. ಅವಳ ಎಡಹೆಗಲ ಮೇಲೆ ಗಂಡಸಿನ ಕೈಯೊಂದಿತ್ತು. ಅದೂ ಮಣಿಕಟ್ಟಿನವರೆಗೆ ಮಾತ್ರ. ಅಲ್ಲಿಗೆ ಪೋಸ್ಟರ್ ಮುಗಿದಿತ್ತು.

ಅವನು ತನ್ನ ಬಲಗೈಯನ್ನು ಮೆಲ್ಲನೆ ಮೇಜಿನ ಕೆಳಕ್ಕೆ ಸರಿಸಿಕೊಂಡ.

“ಒಬ್ಬರದು ಮೇಡಂ,” ಎಂದ.

“ಒಬ್ಬರದೇ ಇರುತ್ತಪ್ಪ. ಇಬ್ಬರಿಗೆ ಸೇರಿ ಒಂದು ಕೈ ಎಲ್ಲಾದ್ರೂ ಇರುತ್ತಾ?”

ಎಲ್ಲರೂ ನಕ್ಕರು. ಅವನೂ ನಕ್ಕ. ಸಭೆಗಳಲ್ಲಿ ನಗುವುದನ್ನು ಅವನು ಕೆಲಸಕ್ಕೆ ಸೇರಿದ ವರ್ಷವೇ ಕಲಿತಿದ್ದ.

ಇಲಾಖೆಗೆ ಇದ್ದ ಒಬ್ಬನೇ ಡಿಸೈನರ್ ಅವನು. ಸರ್ಕಾರ ಜನರ ಜೊತೆ ಏನೇ ಮಾತಾಡಿದರೂ, ಅದು ನೀರಿನ ಬಿಲ್ಲಿರಲಿ, ಆಸ್ಪತ್ರೆಯ ಗೋಡೆಯ ಬಾಣದ ಗುರುತಿರಲಿ, ಅವನ ಕಂಪ್ಯೂಟರಿನಿಂದಲೇ ಹೊರಡಬೇಕು. ಅಕ್ಷರಗಳ ನಡುವೆ ಸರಿಯಾದಷ್ಟು ಜಾಗ ಬಿಟ್ಟರೆ ಜನ ಸ್ವಲ್ಪ ಒಳ್ಳೆಯವರಾಗುತ್ತಾರೆ ಎಂದು ಒಂದು ಕಾಲದಲ್ಲಿ ನಂಬಿದ್ದ. ಬೆನ್ನ ಹಿಂದೆ ಅವನನ್ನು ಫಾಂಟಪ್ಪ ಎಂದು ಕರೆಯುತ್ತಿದ್ದರು. ಅದು ಅವನಿಗೆ ಗೊತ್ತಿತ್ತು. ಅವನಿಗೆ ಗೊತ್ತಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಹೀಗಾಗಿ ಎರಡೂ ಕಡೆಯವರ ಮರ್ಯಾದೆ ಉಳಿದಿತ್ತು.

ಅವನಿಗೆ ಹೆಸರು ತಂದ ಕೆಲಸ ಉದ್ಯಾನದ ಹಿಂಬಾಗಿಲಿನ ಒಂದು ಬೋರ್ಡು. ‘ಅತಿಕ್ರಮ ಪ್ರವೇಶ ಶಿಕ್ಷಾರ್ಹ’ ಎಂಬ ಕೆಂಪು ಗದರಿಕೆಯನ್ನು ತೆಗೆಸಿ ತಿಳಿಹಸಿರಿನಲ್ಲಿ ‘ದಯವಿಟ್ಟು ಈ ದಾರಿ ಬೇಡ’ ಎಂದು ಬರೆಸಿದ್ದ. ಬಹುಮಾನ ಬಂತು. ಅಲ್ಲೊಂದು ದಾರಿ ಇದೆ ಎಂದೇ ಗೊತ್ತಿರದಿದ್ದ ಜನ ಬೋರ್ಡು ಓದಿದರು; ಇಷ್ಟು ಮರ್ಯಾದೆಯಿಂದ ಹೇಳುವವರು ಬೈಯಲಾರರು ಎಂದುಕೊಂಡು ಅದೇ ದಾರಿಯಲ್ಲಿ ಓಡಾಡತೊಡಗಿದರು.

ಈಗ ಗೋಡೆಯ ಮೇಲಿದ್ದದ್ದು ಸಹಾಯವಾಣಿಯ ಪೋಸ್ಟರ್. ಊರಿನಲ್ಲಿ ಒಂಟಿತನ ಹೆಚ್ಚಾಗುತ್ತಿದೆ ಎಂದು ಯಾವುದೋ ಸಮೀಕ್ಷೆ ಹೇಳಿತ್ತು. ಮಾತಾಡಲು ಯಾರೂ ಇಲ್ಲದವರು ಫೋನ್ ಮಾಡಲಿ ಎಂದು ಇಲಾಖೆ ಒಂದು ನಂಬರ್ ತೆರೆದಿತ್ತು. ಪ್ರಾಯೋಗಿಕವಾಗಿ ಅದು ಆಗಲೇ ನಡೆಯುತ್ತಿತ್ತು. ನಾಳೆ ಬೆಳಿಗ್ಗೆ ಮಂತ್ರಿಗಳಿಂದ ಉದ್ಘಾಟನೆ. ಅಷ್ಟರೊಳಗೆ ಬಸ್ ನಿಲ್ದಾಣದ ಎದುರು ದೊಡ್ಡ ಫ್ಲೆಕ್ಸ್ ಏರಬೇಕಿತ್ತು.

ಏಜೆನ್ಸಿಯವರು ಕಳಿಸಿದ ರೂಪದರ್ಶಿಗಳ ಫೋಟೋಗಳಲ್ಲಿ ಎಲ್ಲರೂ ಟೂತ್‌ಪೇಸ್ಟ್ ಮಾರುವವರಂತೆ ನಗುತ್ತಿದ್ದರು. ಬೇಸತ್ತು ಅವನು ಮನೆಯ ಹಳೆಯ ಹಾರ್ಡ್ ಡಿಸ್ಕ್ ಹುಡುಕಿದ. ಮದುವೆಯಾದ ಹೊಸತರಲ್ಲಿ ಕೆರೆಯ ದಂಡೆಯ ಮೇಲೆ ಗೆಳೆಯನೊಬ್ಬ ತೆಗೆದ ಫೋಟೋ ಸಿಕ್ಕಿತು. ಹೆಂಡತಿ ಹಳದಿ ಅಂಗಿಯಲ್ಲಿ ನಗುತ್ತಿದ್ದಾಳೆ, ಪಕ್ಕದಲ್ಲಿ ಅವನು ಅವಳ ಹೆಗಲ ಮೇಲೆ ಕೈ ಇಟ್ಟು ನಿಂತಿದ್ದಾನೆ. ಅಂಥ ನಗುವನ್ನು ದುಡ್ಡು ಕೊಟ್ಟು ನಗಿಸಲು ಆಗುವುದಿಲ್ಲ ಎಂದು ವೃತ್ತಿಯ ದೃಷ್ಟಿಯಿಂದಲೇ ಅವನಿಗೆ ಅನ್ನಿಸಿತು. ತನ್ನನ್ನು ಕತ್ತರಿಸಿ ತೆಗೆದ. ಕೈ ಮಾತ್ರ ಉಳಿಯಿತು. ಅದನ್ನು ಅವನು ಬೇಕೆಂದೇ ಉಳಿಸಿದ್ದ.

‘ಇದನ್ನ ಹಾಕ್ಕೊಳ್ಲಾ?’ ಎಂದು ಹೆಂಡತಿಯನ್ನು ಕೇಳಿದ್ದ. ಅವಳು ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಆವತ್ತು ಮನೆಗೂ ಒಂದು ಸೆಟ್ಟು ತಂದು ದೀಪದ ಕೆಳಗೆ ಉಜ್ಜುತ್ತಿದ್ದಳು. ‘ಹಾಕ್ಕೊಳ್ಳಿ,’ ಎಂದಿದ್ದಳು. ಒಪ್ಪಿಗೆಪತ್ರಕ್ಕೆ ಸಹಿ ಹಾಕುವಾಗಲೂ ತಲೆ ಎತ್ತಿರಲಿಲ್ಲ. ಅವಳು ತನ್ನ ಹೆಂಡತಿ ಎಂದು ಅವನು ಕಚೇರಿಯಲ್ಲಿ ಹೇಳಲಿಲ್ಲ. ಮೊದಲ ದಿನ ಯಾರೂ ಕೇಳಲಿಲ್ಲ. ಆಮೇಲೆ ಹೇಳಿದರೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬುದಕ್ಕೂ ಉತ್ತರ ಬೇಕಾಗುತ್ತಿತ್ತು.

“ನನಗೊಂದು ಅನುಮಾನ,” ಎಂದರು ಪ್ರಚಾರಾಧಿಕಾರಿ. “ಈ ಹೆಂಗಸು ಫೋನ್ ಮಾಡೋಕೆ ಮುಂಚೆ ನಗ್ತಿದಾಳೋ, ಮಾಡಿದ ಮೇಲೋ?”

“ಮಾಡಿದ ಮೇಲೆ,” ಎಂದ ಅವನು.

“ಹಾಗಾದ್ರೆ ಫೋನ್ ಎಲ್ಲಿ?”

“ಇಟ್ಟಾಗಿದೆ ಸಾರ್.”

ಪ್ರಚಾರಾಧಿಕಾರಿ ಒಪ್ಪಿ ತಲೆಯಾಡಿಸಿದರು. ಕಾನೂನು ಸಲಹೆಗಾರರು ಮಾತ್ರ ಒಪ್ಪಲಿಲ್ಲ. ಅವರು ಯಾವುದನ್ನೂ ಒಮ್ಮೆಗೇ ಒಪ್ಪುವವರಲ್ಲ. ಮನೆಯಲ್ಲಿ ಊಟಕ್ಕೆ ಕರೆದರೂ ‘ಯಾಕೆ?’ ಎನ್ನುತ್ತಾರೆ ಎಂದು ಕಚೇರಿಯಲ್ಲಿ ಪ್ರತೀತಿ.

“ಮೊದಲು ವಾಕ್ಯ ನೋಡೋಣ. ‘ನೀವು ಹೇಳಿ. ನಾವು ಕೇಳುತ್ತೇವೆ.’ ಏನು ಕೇಳ್ತೀವಿ?”

“ಅವರ ಮಾತು ಸಾರ್.”

“ಅದು ನಿಮಗೆ ಗೊತ್ತು, ನನಗೆ ಗೊತ್ತು. ಇಲಾಖೆಯವರು ಕೇಳ್ತಾರೆ ಅಂದ್ರೆ ಜನಕ್ಕೆ ಗೊತ್ತಿರೋ ಅರ್ಥ ಒಂದೇ. ಎಷ್ಟು ಕೇಳ್ತೀರಿ ಅಂತಾರೆ.”

ನಿರ್ದೇಶಕಿ ಕೆಮ್ಮುತ್ತ ನಕ್ಕರು. ನಿವೃತ್ತಿಗೆ ಹತ್ತಿರವಾಗಿದ್ದ ಅವರಿಗೆ ಈಚೆಗೆ ಸಭೆಗಳಲ್ಲಿ ಖುಷಿ ಸಿಗುತ್ತಿತ್ತು. “ಹಾಗಿದ್ರೆ ‘ಆಲಿಸುತ್ತೇವೆ’ ಅಂತ ಹಾಕಿ. ಅದರಲ್ಲಿ ದುಡ್ಡಿನ ವಾಸನೆ ಇಲ್ಲ.”

“‘ನೀವು’ ಅನ್ನೋದೂ ಸ್ವಲ್ಪ ಬೀದಿಯಲ್ಲಿ ಕೂಗಿ ಕರೆದ ಹಾಗಿದೆ,” ಎಂದರು ಪ್ರಚಾರಾಧಿಕಾರಿ. “‘ತಾವು’ ಇರಲಿ. ಮರ್ಯಾದೆ.”

ವಾಕ್ಯ ಕೊನೆಗೆ ‘ತಾವು ತಿಳಿಸಿ. ಇಲಾಖೆ ಆಲಿಸುತ್ತದೆ.’ ಎಂದಾಯಿತು. ಅದು ಕೋಟು ತೊಟ್ಟು ಕುರ್ಚಿಯಲ್ಲಿ ನೆಟ್ಟಗೆ ಕೂತಂತೆ ಅವನಿಗೆ ಕಂಡಿತು. ಅವನು ಬರೆದುಕೊಂಡ.

ಮರ್ಯಾದೆಯ ದೂರ ಎಷ್ಟೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಮದುವೆಯ ಹೊಸತರಲ್ಲಿ ಹೆಂಡತಿ ಅವನನ್ನು ‘ನೀನು’ ಎನ್ನುತ್ತಿದ್ದಳು. ‘ಏನೋ’ ಎಂದದ್ದೂ ಉಂಟು. ನಾಲ್ಕು ಜನರೆದುರು ಹಾಗೆ ಕರೆದದ್ದಕ್ಕೆ ಅವನ ತಾಯಿ ಎರಡು ದಿನ ಮಾತು ಬಿಟ್ಟಿದ್ದರು. ಆಮೇಲೆ ಯಾವಾಗಲೋ ಅದು ‘ನೀವು’ ಆಯಿತು. ‘ಈಗ ಬುದ್ಧಿ ಬಂತು ನೋಡು ಸೊಸೆಗೆ,’ ಎಂದು ತಾಯಿ ಸಂತೋಷಪಟ್ಟರು. ಯಾವ ದಿನದಿಂದ ಎಂದು ಅವನು ಎಷ್ಟೋ ಸಲ ಯೋಚಿಸಿದ್ದ. ಒಂದು ಜಗಳವಾದರೂ ಆಗಿದ್ದರೆ ಅದರ ಗುರುತು ಹಿಡಿದು ಹೋಗಬಹುದಿತ್ತು. ಆದರೆ ಜಗಳವಾಡಲು ಇಬ್ಬರೂ ಒಂದೇ ಹೊತ್ತಿಗೆ ಒಂದೇ ಕೋಣೆಯಲ್ಲಿರಬೇಕು. ಅವಳು ಬೆಳಿಗ್ಗೆ ಬೇಗ ಹೊರಡುತ್ತಿದ್ದಳು, ಅವನು ರಾತ್ರಿ ತಡವಾಗಿ ಬರುತ್ತಿದ್ದ. ಹಾಲು ಮುಗಿದಿದೆ, ನಲ್ಲಿ ಸೋರುತ್ತಿದೆ ಎಂದು ಅವನು ಫ್ರಿಜ್ಜಿನ ಬಾಗಿಲಿಗೆ ಚೀಟಿ ಅಂಟಿಸುತ್ತಿದ್ದ. ಎಡಗಡೆ ಒಂದೇ ಸಮನೆ ಅಂಚು ಬಿಟ್ಟು, ಚಂದವಾಗಿ. ಅವಳು ಕೆಳಗೊಂದು ಟಿಕ್ ಹಾಕುತ್ತಿದ್ದಳು.

“ಇನ್ನು ಕೈ,” ಎಂದರು ಕಾನೂನು ಸಲಹೆಗಾರರು.

“ಕೈಯಿಂದಲೇ ಈ ಚಿತ್ರಕ್ಕೆ ಒಂದು ಬೆಚ್ಚಗಿನ ಭಾವ ಬಂದಿದೆ ಸಾರ್,” ಎಂದ ಅವನು. “ನೋಡೋರ ಕಣ್ಣು ನಗುವಿನಿಂದ ಇಳಿದು, ಹೆಗಲಿಗೆ ಬಂದು, ಕೈ ಹಿಡಿದು, ಕೆಳಗಡೆ ನಂಬರಿಗೆ ಬರುತ್ತೆ.”

“ಬರಲಿ. ಆದ್ರೆ ಒಂಟಿ ಹೆಂಗಸು, ಗಂಡಸಿನ ಕೈ. ನಾಳೆ ಯಾರಾದ್ರೂ, ಫೋನ್ ಮಾಡಿದ್ರೆ ಇಲಾಖೆ ಗಂಡಸರನ್ನ ಕಳಿಸುತ್ತಾ ಅಂತ ಕೇಳಿದ್ರೆ?”

“ಕೂದಲು ಬೇರೆ ಇದೆ ಕೈ ಮೇಲೆ,” ಎಂದರು ಪ್ರಚಾರಾಧಿಕಾರಿ.

“ಸಿಸ್ಟರ್ ಥರದ ಕೈ ಮಾಡೋಕಾಗುತ್ತಾ? ನರ್ಸು, ಅಂಥವರು,” ಎಂದರು ನಿರ್ದೇಶಕಿ.

“ಕಷ್ಟ ಮೇಡಂ.”

“ಹೆಂಗಸಿನ ಒಪ್ಪಿಗೆಪತ್ರ ಇದೆಯಲ್ಲ,” ಎಂದರು ಕಾನೂನು ಸಲಹೆಗಾರರು. “ಕೈಯ ಒಪ್ಪಿಗೆ?”

“ಕೈಗೂ ಬೇಕಾ ಸಾರ್?”

“ಕೈ ಯಾರ ದೇಹದಲ್ಲಿದೆಯೋ ಅವರದು. ಈ ವ್ಯಕ್ತಿ ಎಲ್ಲಿದಾರೆ? ಒಂದು ಸಹಿ ತಂದುಬಿಡಿ, ನನ್ನ ತಕರಾರು ಅಲ್ಲಿಗೆ ಮುಗೀತು.”

ಎಲ್ಲರೂ ಅವನ ಕಡೆ ನೋಡಿದರು. ಮೇಜಿನ ಕೆಳಗೆ ಅವನ ಬಲಗೈ ತೊಡೆಯ ಮೇಲೆ ಬೆವರುತ್ತಿತ್ತು. ನನ್ನದೇ ಸಾರ್ ಎಂದು ಎತ್ತಿ ತೋರಿಸಿದ್ದರೆ ಸಾಕಿತ್ತು. ಸಭೆ ಐದು ನಿಮಿಷ ನಕ್ಕು, ಕಾಫಿ ತರಿಸಿ, ಪೋಸ್ಟರಿಗೆ ಸಹಿ ಹಾಕಿಬಿಡುತ್ತಿತ್ತು. ಬಾಯಿ ತೆರೆದ.

“ಅವರು ಈಗ ಸಂಪರ್ಕದಲ್ಲಿ ಇಲ್ಲ ಸಾರ್,” ಎಂದ.

“ಹಾಗಾದ್ರೆ ತೆಗೆದುಬಿಡಿ.”

ತನ್ನ ಮೇಜಿಗೆ ಬಂದು ಅವನು ಕೈ ತೆಗೆಯಲು ಕೂತ. ಹತ್ತು ವರ್ಷದ ಅನುಭವ. ಜನರ ಮುಖದ ಮಚ್ಚೆ ತೆಗೆದಿದ್ದ, ಮಂತ್ರಿಗಳ ಹಿಂದೆ ಆಕಳಿಸುತ್ತಿದ್ದವರನ್ನು ತೆಗೆದಿದ್ದ, ಸೇತುವೆಯ ಬಿರುಕನ್ನೂ ಒಮ್ಮೆ ತೆಗೆದಿದ್ದ. ಬೆರಳುಗಳು ಒಂದೊಂದಾಗಿ ಹೋದವು. ಪಕ್ಕದಿಂದ ಹಳದಿ ಬಟ್ಟೆಯ ಚೂರು ತಂದು ಮುಚ್ಚಿದ. ಒಂದು ಗಂಟೆಯ ಕೆಲಸ ಎಂದುಕೊಂಡಿದ್ದ. ಅರ್ಧ ಗಂಟೆಯಲ್ಲೇ ಆಯಿತು.

ದೂರ ಸರಿದು ನೋಡಿದ. ಏನೋ ಸರಿಯಿಲ್ಲ.

ಕೈ ಹೋಗಿತ್ತು, ಅದರ ಭಾರ ಹೋಗಿರಲಿಲ್ಲ. ಹೆಗಲಿನ ಬಟ್ಟೆ ಅದುಮಿಕೊಂಡೇ ಇತ್ತು. ಅದನ್ನೂ ಸರಿಮಾಡಿದ. ಆಗ ಇನ್ನೊಂದು ಕಾಣಿಸಿತು: ಅವಳು ಎಡಕ್ಕೆ ವಾಲಿದ್ದಳು. ಪಕ್ಕದವನಿಗೆ ಒರಗಿ ನಕ್ಕವಳು ಈಗ ಬರಿಯ ಗಾಳಿಗೆ ಒರಗಿದ್ದಳು. ನೋಡುತ್ತಿದ್ದರೆ ಎದ್ದು ಹಿಡಿದುಕೊಳ್ಳಬೇಕು ಅನ್ನಿಸುತ್ತಿತ್ತು. ಚಿತ್ರವನ್ನೇ ಸ್ವಲ್ಪ ತಿರುಗಿಸಿ ಅವಳನ್ನು ನೆಟ್ಟಗೆ ಮಾಡಿದ. ಹಿಂದಿನ ಕೆರೆ ಓರೆಯಾಗಿ, ನೀರು ಒಂದು ಕಡೆ ಚೆಲ್ಲಿಹೋಗುವಂತಾಯಿತು. ಕೆರೆಯನ್ನು ಅಳಿಸಿ ತಿಳಿನೀಲಿ ಬಣ್ಣ ತುಂಬಿದ. ಅವಳು ಮತ್ತೂ ವಾಲಿದಂತೆ ಕಂಡಳು.

ಅಷ್ಟು ಒರಗಿ ನಗುವಂಥದ್ದು ತಾನೇನು ಹೇಳಿದ್ದೆ? ಅವನಿಗೆ ಎಷ್ಟು ಯೋಚಿಸಿದರೂ ನೆನಪಾಗಲಿಲ್ಲ. ಆ ಕಾಲದಲ್ಲಿ ಅವನು ತಮಾಷೆಯ ಮನುಷ್ಯ ಎಂದು ಹೆಸರಾಗಿದ್ದ. ಏನೋ ಒಳ್ಳೆಯದೇ ಹೇಳಿರಬೇಕು. ಅದು ನೆನಪಾದರೆ ಇವತ್ತು ಸಂಜೆಯೂ ಒಮ್ಮೆ ಹೇಳಿ ನೋಡಬಹುದು ಎಂಬ ಆಸೆ ಸುಳಿಯಿತು. ತನ್ನ ಆಸೆಗೆ ತಾನೇ ನಾಚಿಕೊಂಡು, ಆದರೂ ಅದನ್ನು ಬಿಡಲಾರದೆ ಇನ್ನಷ್ಟು ಹೊತ್ತು ಕೂತಿದ್ದ. ಆಮೇಲೆ ಹೆಂಡತಿಗೆ ಫೋನ್ ಮಾಡಿದ.

ಅವಳು ಎತ್ತಿದಾಗ ಹಿಂದುಗಡೆ ಉಜ್ಜುವ ಯಂತ್ರದ ಕಿರ್ ಎಂಬ ಸದ್ದು.

“ಏನ್ರೀ, ಈ ಹೊತ್ತಲ್ಲಿ? ಅಮ್ಮ ಚೆನ್ನಾಗಿದಾರೆ ತಾನೇ?”

“ಎಲ್ಲ ಚೆನ್ನಾಗಿದಾರೆ. ಆ ಫೋಟೋ ಇದೆಯಲ್ಲ, ಕೆರೆ ಹತ್ತಿರದ್ದು. ಅವತ್ತು ನೀನು ನಕ್ಕೆಯಲ್ಲ, ನಾನು ಏನು ಹೇಳಿದ್ದೆ?”

“ಯಾವಾಗ?”

“ಫೋಟೋ ತೆಗೆಯುವಾಗ.”

ಯಂತ್ರದ ಸದ್ದು ನಿಂತಿತು. ಅವಳು ಯೋಚಿಸುತ್ತಿದ್ದಾಳೆ ಎಂಬುದು ಅವನಿಗೆ ಈ ಕಡೆಯಿಂದಲೇ ತಿಳಿಯಿತು.

“ನೀವು ಏನೂ ಹೇಳಿರಲಿಲ್ವಲ್ಲ.”

“ಹೇಳಿದ್ದೆ. ಇಲ್ದಿದ್ರೆ ಯಾಕೆ ನಗ್ತಿದ್ದೆ?”

“ಅಯ್ಯೋ, ನಿಮ್ಮ ಫ್ರೆಂಡು! ಇನ್ನೂ ಹಿಂದೆ, ಇನ್ನೂ ಹಿಂದೆ ಅಂತ ಹೋಗಿ ಹೋಗಿ ಒಂದು ಕಾಲು ಕೆಸರೊಳಗೆ ಇಟ್ಟುಬಿಟ್ರು. ಬೂಟು ಅಲ್ಲೇ ಕಚ್ಚಿಕೊಂಡು ಕಾಲು ಮಾತ್ರ ಮೇಲೆ ಬಂತು.” ಅವಳು ಆ ಕಡೆ ನಗತೊಡಗಿದಳು. ನಗುತ್ತ ನಗುತ್ತಲೇ, “ನೀನು ನೋಡಲೇ ಇಲ್ಲ ಅದನ್ನ! ಎದೆ ಉಬ್ಬಿಸ್ಕೊಂಡು, ಕ್ಯಾಮೆರಾನೇ ನೋಡ್ತಾ ನಿಂತಿದ್ದೆ. ಕತ್ತು ಹೀಗೆ ಮಾಡ್ಕೊಂಡು. ನಾನು ಬಿದ್ದೇಹೋಗ್ತೀನಿ ಅಂತ ನಿನ್ನ ಹಿಡ್ಕೊಂಡೆ,” ಎಂದಳು.

ಅವನು ಫೋನನ್ನು ಕಿವಿಗೆ ಒತ್ತಿಕೊಂಡ. ಅವಳ ನಗು ತಾನಾಗಿ ನಿಂತಿತು.

“ಊಟ ಆಯ್ತಾ ನಿಮ್ದು?” ಎಂದಳು.

“ಇನ್ನೂ ಇಲ್ಲ.”

“ಮಾಡಿ. ಹೊತ್ತಾಯ್ತು. ಇಡ್ತೀನಿ, ಒಬ್ಬರ ದವಡೆ ಸಂಜೆಯೊಳಗೆ ಹೋಗಬೇಕು.”

“ಸಂಜೆ ಬಸ್ ನಿಲ್ದಾಣದ ಹತ್ತಿರ ಫ್ಲೆಕ್ಸ್ ಹಾಕ್ತಾರೆ. ಬರ್ತೀಯಾ ನೋಡೋಕೆ?”

“ಬಸ್ಸಿಗೆ ಅಲ್ಲಿಗೇ ಬರ್ತೀನಲ್ಲ.”

ಅಷ್ಟೂ ವರ್ಷ ಅವನು ಆ ನಗುವನ್ನು ತನ್ನ ಸಂಪಾದನೆ ಎಂದುಕೊಂಡಿದ್ದ. ಯಾವ ಗೆಳೆಯ, ಈಗೆಲ್ಲಿದ್ದಾನೆ ಎಂಬುದೂ ಸರಿಯಾಗಿ ಗೊತ್ತಿರಲಿಲ್ಲ. ಆ ಗೆಳೆಯನ ಮೇಲೆ ಸಿಟ್ಟು ಬರಬೇಕೋ, ಬೂಟು ಹೋದದ್ದಕ್ಕೆ ಕನಿಕರ ಬರಬೇಕೋ ಗೊತ್ತಾಗದೆ ಅವನು ಪೋಸ್ಟರಿನ ಉಳಿದ ಭಾಗ ಪರಿಶೀಲಿಸತೊಡಗಿದ. ಲಾಂಛನ ಸರಿಯಾಗಿದೆ. ಬಣ್ಣ ಸರಿಯಾಗಿದೆ. ನಂಬರ್ ಒಮ್ಮೆ ಫೋನ್ ಮಾಡಿಯೇ ನೋಡಬೇಕು. ಅದು ಅವನ ನಿಯಮ. ಹಿಂದೊಮ್ಮೆ ಒಂದು ಅಂಕಿ ತಪ್ಪಿ, ಒಳಚರಂಡಿಯ ದೂರುಗಳೆಲ್ಲ ಒಬ್ಬ ಸಂಗೀತದ ಮೇಷ್ಟ್ರ ಮನೆಗೆ ಹೋಗಿದ್ದವು.

ಕಚೇರಿಯ ಫೋನಿನಿಂದ ಮಾಡಿದ. ತಕ್ಷಣ ಎತ್ತಿದರು.

“ನಮಸ್ಕಾರ. ಹೇಳಿ, ಕೇಳ್ತಾ ಇದೀನಿ,” ಎಂದಿತು ಹೆಣ್ಣುದನಿ. ಮಧ್ಯವಯಸ್ಸಿನ, ಅವಸರವಿಲ್ಲದ ದನಿ.

“ಏನಿಲ್ಲ, ನಂಬರ್ ಸರಿ ಇದೆಯಾ ಅಂತ ನೋಡೋಕೆ ಮಾಡಿದೆ.”

“ಸರಿ ಇದೆ ಸಾರ್. ಹೇಳಿ.”

“ಅಷ್ಟೇ. ಪರೀಕ್ಷೆಗೆ.”

“ಪರವಾಗಿಲ್ಲ ಸಾರ್. ಎಲ್ಲರೂ ಮೊದಲು ಹಾಗೇ ಹೇಳ್ತಾರೆ.”

ಅವನಿಗೆ ಕಿವಿ ಬಿಸಿಯಾಯಿತು. “ಇಲ್ಲಮ್ಮ, ನಾನು ಇಲಾಖೆಯವನೇ. ಡಿಸೈನರ್. ನಿಮ್ಮ ಪೋಸ್ಟರ್ ಮಾಡ್ತಿರೋನು.”

“ಹೌದಾ. ಒಳ್ಳೇದು. ಕೆಲಸ ಇಷ್ಟಾನಾ ಸಾರ್ ನಿಮಗೆ?”

“ಅದಕ್ಕೂ ಇದಕ್ಕೂ ಏನು ಸಂಬಂಧ?”

“ಸಂಬಂಧ ಇರಲೇಬೇಕು ಅಂತೇನಿಲ್ಲ. ನಿಧಾನವಾಗಿ ಹೇಳಿ, ಹಿಂದೆ ಯಾರೂ ಕಾಯ್ತಾ ಇಲ್ಲ. ಮನೇಲಿ ಯಾರ್‍ಯಾರಿದೀರಿ?”

“ನಾನು, ನನ್ನ ಹೆಂಡತಿ,” ಎಂದುಬಿಟ್ಟ. ಅಂದ ಮೇಲೆ, ಯಾಕೆ ಅಂದೆ ಅನ್ನಿಸಿತು. ಆ ಕಡೆ ಮೌನ. ಸಂಪರ್ಕ ತಪ್ಪಿದ ಮೌನವಲ್ಲ. ತರಬೇತಿಯಲ್ಲಿ ಹೇಳಿಕೊಟ್ಟ ಮೌನ. ತರಬೇತಿಯ ಕೈಪಿಡಿಗೆ ಪುಟವಿನ್ಯಾಸ ಮಾಡಿದವನೇ ಅವನು. ‘ಕರೆ ಮಾಡಿದವರು ಸುಮ್ಮನಾದರೆ ನೀವೂ ಸುಮ್ಮನಿರಿ’ ಎಂಬ ಸಾಲಿನ ಕೆಳಗೆ, ಮೌನ ಕಾಣಲಿ ಎಂದು ಅರ್ಧ ಪುಟ ಖಾಲಿ ಬಿಟ್ಟಿದ್ದ. ಅದು ಇಷ್ಟು ಚೆನ್ನಾಗಿ ಕೆಲಸ ಮಾಡುತ್ತದೆಂದು ಅವನಿಗೆ ಗೊತ್ತಿರಲಿಲ್ಲ.

“ನಂಬರ್ ಸರಿ ಇದೆ,” ಎಂದ. “ಥ್ಯಾಂಕ್ಸ್.”

“ಯಾವಾಗ ಬೇಕಾದ್ರೂ ಮಾಡಿ ಸಾರ್, ನಂಬರ್ ನೋಡೋಕಾದ್ರೂ ಪರವಾಗಿಲ್ಲ,” ಎಂದಿತು ದನಿ.

ಮಧ್ಯಾಹ್ನ ನಿರ್ದೇಶಕಿಯ ಕೋಣೆಯಲ್ಲಿ ತಿದ್ದಿದ ಪೋಸ್ಟರ್ ಇಟ್ಟ. ಅವರು ಕಾಗದವನ್ನು ಹತ್ತಿರ ಹಿಡಿದರು, ದೂರ ಹಿಡಿದರು.

“ಕೈ ಹೋಯ್ತು. ಚೊಕ್ಕಟವಾಯ್ತು. ಆದ್ರೆ ಈ ಹೆಣ್ಣುಮಗಳು ಏನೋ ಬೀಳೋ ಹಾಗಿದಾಳಲ್ಲಪ್ಪ?”

“ಒರಗೋಕೆ ಏನೂ ಇಲ್ಲ ಮೇಡಂ ಈಗ.”

“ಏನಾದ್ರೂ ಕೊಡಿ ಹಾಗಾದ್ರೆ. ಕಂಬ, ಗಿಡ?” ಅವರೇ ಯೋಚಿಸಿ ಮುಖ ಅರಳಿಸಿದರು. “ಲಾಂಛನ! ನಮ್ಮ ಲಾಂಛನವನ್ನ ಕೆಳಗಡೆಯಿಂದ ತೆಗೆದು ಆ ಜಾಗದಲ್ಲಿ ದೊಡ್ಡದಾಗಿ ಹಾಕಿ. ಇಲಾಖೆಗೆ ಒರಗಿದ ಹಾಗಾಗುತ್ತೆ. ಅರ್ಥವೂ ಬಂತು, ಮಂತ್ರಿಗಳಿಗೂ ಖುಷಿ.”

ಅವನು ನಿಂತಲ್ಲೇ ಲ್ಯಾಪ್‌ಟಾಪ್ ತೆರೆದು ಲಾಂಛನವನ್ನು ಎಳೆದು ಹೆಗಲ ಪಕ್ಕದಲ್ಲಿ ಇಟ್ಟ. ಬೇಸರದ ಸಂಗತಿಯೆಂದರೆ, ಸರಿಹೋಯಿತು. ಅವಳು ಬೀಳುವುದು ನಿಂತಿತು. ಇಷ್ಟು ಗಂಟೆ ತನಗೆ ಹೊಳೆಯದ ಪರಿಹಾರ.

“ನೋಡಿದ್ರಾ?” ಎಂದು ನಿರ್ದೇಶಕಿ ಸಹಿ ಹಾಕಿದರು. ಕಾಗದ ಕೊಡುವಾಗ ಒಂದು ಕ್ಷಣ ಹಿಡಿದು, “ಎಷ್ಟು ಚಂದ ನಗ್ತಾಳೆ ಅಲ್ವಾ. ಯಾರಪ್ಪ ಈಕೆ?” ಎಂದರು.

“ಪರಿಚಯದವರು ಮೇಡಂ.”

“ಅದೃಷ್ಟವಂತ ಗಂಡ,” ಎಂದರು ಅವರು, ಮುಂದಿನ ಕಡತಕ್ಕೆ ಕೈ ಹಾಕುತ್ತ.

ಬಿಸಿಲು ಇಳಿಯುವ ಹೊತ್ತಿಗೆ ಅವನು ಬಸ್ ನಿಲ್ದಾಣಕ್ಕೆ ನಡೆದ. ಎದುರಿನ ಮೂರಂತಸ್ತಿನ ಕಟ್ಟಡದ ಮುಂದೆ ಕಬ್ಬಿಣದ ಚೌಕಟ್ಟಿಗೆ ಫ್ಲೆಕ್ಸ್ ಆಗಲೇ ಏರಿತ್ತು. ಇಬ್ಬರು ಕೆಲಸಗಾರರು ಮೇಲೆ ಕೂತು ಅಂಚಿನ ಹಗ್ಗ ಬಿಗಿಯುತ್ತಿದ್ದರು. ಕೆಳಗೆ ಜನ ಯಾವ ಬಸ್ಸು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತಿದ್ದರು. ಮೇಲೆ ಯಾರೂ ನೋಡುತ್ತಿರಲಿಲ್ಲ. ಅಷ್ಟು ದೊಡ್ಡದಾಗಿ ತನ್ನ ಹೆಂಡತಿಯನ್ನು ಅವನು ಎಂದೂ ಕಂಡಿರಲಿಲ್ಲ. ಅವಳ ಒಂದು ಕಣ್ಣು ಅವನಷ್ಟು ಅಗಲವಿತ್ತು.

ಅವಳು ಬಂದು ಪಕ್ಕದಲ್ಲಿ ನಿಂತದ್ದು ಅವನಿಗೆ ಸ್ವಲ್ಪ ತಡವಾಗಿ ತಿಳಿಯಿತು. ಚೀಲ ಹೆಗಲಿಗಿತ್ತು. ಕೂದಲಲ್ಲಿ ಲ್ಯಾಬಿನ ಬಿಳಿ ಪುಡಿ. ತಲೆ ಎತ್ತಿ, ಕಣ್ಣು ಕಿರಿದು ಮಾಡಿ, ಬಹಳ ಹೊತ್ತು ನೋಡಿದಳು. ಅವಳ ನೋಟ ಹೆಗಲಿಗೆ ಬರುತ್ತದೆಂದು ಅವನು ಕಾದ. ಏನಾಯಿತು ಎಂದು ಕೇಳಿದರೆ ಸಭೆಯ ಕತೆಯನ್ನೆಲ್ಲ ಹೇಳಬಹುದು. ಕೈಯ ಒಪ್ಪಿಗೆಪತ್ರದ ಮಾತು ಬಂದಾಗ ಅವಳು ಖಂಡಿತ ನಗುತ್ತಾಳೆ. ದಾರಿಯುದ್ದಕ್ಕೂ ಅವನು ಅದನ್ನು ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದ. ಎಲ್ಲಿ ತಡೆಯಬೇಕು, ಎಲ್ಲಿ ಕಾನೂನು ಸಲಹೆಗಾರರ ದನಿ ತೆಗೆಯಬೇಕು ಎಂಬುದೂ ತಯಾರಾಗಿತ್ತು.

“ಇದು ನನ್ನ ಹಲ್ಲಲ್ಲ,” ಎಂದಳು.

“ಹಾಂ?”

“ಮೇಲಿನ ಕೋರೆಹಲ್ಲು. ನಂದು ಪಕ್ಕದ ಹಲ್ಲಿನ ಮೇಲೆ ಹತ್ತಿದೆಯಲ್ಲ. ಇಲ್ಲಿ ಸಾಲಾಗಿ ನಿಂತಿದೆ. ಯಾರು ಸರಿ ಮಾಡಿದ್ರು?”

ಅವನಿಗೆ ಆಗ ನೆನಪಾಯಿತು. ವಾರದ ಹಿಂದೆ, ಮೊದಲ ಕರಡು ಮಾಡುವಾಗ. ಯಾರೂ ಹೇಳಿರಲಿಲ್ಲ. ಮೌಸ್ ತಾನಾಗಿ ಅಲ್ಲಿಗೆ ಹೋಗಿತ್ತು, ಗೋಡೆಯ ಮೇಲಿನ ಓರೆ ಚಿತ್ರವನ್ನು ಹಾದುಹೋಗುವಾಗ ಸರಿಮಾಡಿದಂತೆ.

“ನಾನೇ,” ಎಂದ. “ಅಭ್ಯಾಸಬಲ.”

“ಚೆನ್ನಾಗೇ ಮಾಡಿದೀರಿ,” ಎಂದಳು. ಹೊಗಳಿಕೆಯೇ ಇರಬೇಕು, ಅವಳದೂ ಅದೇ ಕಸುಬು. “ಒಸಡಿನ ಹತ್ತಿರ ನೆರಳು ಸ್ವಲ್ಪ ಜಾಸ್ತಿ ಆಯ್ತು. ಬೇರೆಯವರಿಗೆ ಗೊತ್ತಾಗಲ್ಲ.”

“ಬೇರೆ ಏನಾದ್ರೂ?”

“ಬೇರೆ ಅಂದ್ರೆ?”

“ಏನಿಲ್ಲ. ಬೇರೆ ಏನಾದ್ರೂ ಕಾಣುತ್ತಾ ಅಂತ.”

ಅವಳು ಇನ್ನೊಮ್ಮೆ ಮೇಲೆ ನೋಡಿದಳು. ‘ತಾವು ತಿಳಿಸಿ. ಇಲಾಖೆ ಆಲಿಸುತ್ತದೆ.’ ಎಂಬುದನ್ನು ತುಟಿ ಅಲುಗಿಸಿ ಓದಿದಳು. “ಇಷ್ಟು ದೊಡ್ಡದಾಗಿ ನಕ್ರೆ ಯಾರನ್ನೋ ಗೇಲಿ ಮಾಡಿದ ಹಾಗೆ ಕಾಣುತ್ತೆ,” ಎಂದಳು. ಆಮೇಲೆ ಅವನ ಕಡೆ ತಿರುಗಿ, “ಫೋನಲ್ಲಿ ಏನೋ ಹೇಳೋಕೆ ಅಂತ ಮಾಡಿದ್ರಲ್ಲ ಮಧ್ಯಾಹ್ನ. ಏನು?” ಎಂದಳು.

ಜೋಡಿಸಿಕೊಂಡು ಬಂದದ್ದೆಲ್ಲ ನಾಲಿಗೆಯ ತುದಿಯಲ್ಲಿತ್ತು. ಆದರೆ ಅದನ್ನು ಎಲ್ಲಿಂದ ಶುರುಮಾಡಿದರೂ, ಆ ಕೈ ಯಾರದು ಎಂದು ಕೇಳಿದಾಗ ನೀವೇನಂದಿರಿ ಎಂಬಲ್ಲಿಗೆ ಬಂದು ನಿಲ್ಲುತ್ತದೆ ಎಂದು ಅವನಿಗೆ ಈಗ ಹೊಳೆಯಿತು.

“ಏನಿಲ್ಲ, ಸುಮ್ನೆ,” ಎಂದ.

“ಬಸ್ ಬಂತು. ಬನ್ನಿ, ಸೀಟು ಹಿಡೀತೀನಿ.”

ಅವಳು ಜನರ ನಡುವೆ ನುಗ್ಗಿದಳು. ಅವನು ಹಿಂದೆಯೇ ಹೊರಟವನು ಮೇಲಿನಿಂದ ಪರ್ ಪರ್ ಎಂದು ಏನೋ ಸೀಳುವ ಸದ್ದು ಕೇಳಿ ನಿಂತ. ಹಗ್ಗ ಬಿಗಿದು ಮುಗಿಸಿದ ಕೆಲಸಗಾರನೊಬ್ಬ ಚೌಕಟ್ಟಿನ ಮೇಲೆ ಅಡ್ಡಡ್ಡ ಸರಿಯುತ್ತ, ಬ್ಲೇಡಿನಿಂದ ಫ್ಲೆಕ್ಸನ್ನು ಅಲ್ಲಲ್ಲಿ ಅರ್ಧಚಂದ್ರದ ಹಾಗೆ ಕೊಯ್ಯುತ್ತಿದ್ದ. ಕೆನ್ನೆಯ ಮೇಲೆ ಒಂದು, ಹಣೆಯ ಮೇಲೆ ಎರಡು.

“ಏಯ್, ಏನಪ್ಪ ಅದು? ಮುಖ ಕೊಯ್ತಾ ಇದೀಯಲ್ಲ!” ಎಂದು ಕೂಗಿದ.

“ಗಾಳಿಗೆ ಸಾರ್!” ಎಂದು ಮೇಲಿನವನು ಉತ್ತರಿಸಿದ. “ತೂತು ಮಾಡದಿದ್ರೆ ಹಾಯಿ ಥರ ಉಬ್ಬಿ ಚೌಕಟ್ಟೇ ಕಿತ್ಕೊಂಡು ಬರುತ್ತೆ. ಎಲ್ಲಾ ಫ್ಲೆಕ್ಸಿಗೂ ಮಾಡ್ತೀವಿ!”

ಅವನು ತಿರುಗುವಷ್ಟರಲ್ಲಿ ಬಸ್ಸಿನ ಬಾಗಿಲು ಮುಚ್ಚಿ ಬಸ್ಸು ಚಲಿಸತೊಡಗಿತ್ತು. ಕಿಟಕಿಯಲ್ಲಿ ಅವಳು ಕಂಡಳು. ಪಕ್ಕದ ಸೀಟಿನ ಮೇಲೆ ಚೀಲ ಇಟ್ಟು ಹಿಡಿದುಕೊಂಡಿದ್ದಳು. ಅವನು ಕೈ ಎತ್ತಿದ. ಅವಳು ಅವನನ್ನು ನೋಡಲಿಲ್ಲ. ಮೇಲೆ ನೋಡುತ್ತಿದ್ದಳು, ಬಾಯಿ ಮುಚ್ಚಿ, ಒಳಗೇ ನಾಲಿಗೆಯಿಂದ ಏನನ್ನೋ ಮುಟ್ಟಿ ನೋಡಿಕೊಳ್ಳುತ್ತಿರುವಂತೆ ಮೇಲ್ದುಟಿ ಒಂದು ಕಡೆ ಉಬ್ಬಿತ್ತು. ಬಸ್ಸು ತಿರುವಿನಲ್ಲಿ ಮರೆಯಾಯಿತು.

ಕೆಲಸಗಾರರು ಇಳಿದು, ಏಣಿ ಮಡಚಿ, ವ್ಯಾನಿಗೆ ಹಾಕಿಕೊಂಡು ಹೋದರು. ದೀಪಗಳು ಹೊತ್ತಿಕೊಂಡವು. ಮುಂದಿನ ಬಸ್ಸಿಗೆ ಜನ ಸೇರತೊಡಗಿದರು. ಆಗ ಬೀದಿಯ ತುದಿಯಿಂದ ಗಾಳಿ ಎದ್ದಿತು. ಫ್ಲೆಕ್ಸ್ ಒಮ್ಮೆ ಒಳಕ್ಕೆ ಉಸಿರೆಳೆದುಕೊಂಡು, ಮರುಕ್ಷಣ ಹಣೆಯಲ್ಲಿ, ಕೆನ್ನೆಯಲ್ಲಿ, ಕತ್ತಿನಲ್ಲಿ, ಲಾಂಛನದ ನಟ್ಟನಡುವೆ ಕೊಯ್ದಲ್ಲೆಲ್ಲ ತೆರೆದುಕೊಂಡಿತು. ಹತ್ತಾರು ಚಿಕ್ಕ ಚಿಕ್ಕ ಬಾಯಿಗಳು ಒಟ್ಟಿಗೆ ತೆರೆದವು, ಒಟ್ಟಿಗೆ ಮುಚ್ಚಿಕೊಂಡವು, ಮತ್ತೆ ತೆರೆದವು. ಒಂದೊಂದರ ಹಿಂದೆಯೂ ಕಟ್ಟಡದ ಕತ್ತಲೆ ಕಾಣುತ್ತಿತ್ತು. ಅವನು ತಲೆ ಎತ್ತಿ ನಿಂತ. ಬಸ್ಸುಗಳ ಸದ್ದಿನಲ್ಲಿ ಅವುಗಳದು ಕೇಳಿಸುವಂತಿರಲಿಲ್ಲ. ಆದರೂ ಕಿವಿಗೆ ಕೈ ಅಡ್ಡ ಹಿಡಿದು, ಇನ್ನೊಂದು ಹೆಜ್ಜೆ ಹತ್ತಿರ ಹೋದ.